ಆಸ್ಪತ್ರೆ ಚೀಟಿ ಒಲೆಗೆ ಹಾಕಬೇಡಿ

ಪುಣೆಯ ಭೋಸರಿಯಲ್ಲಿ ನಮ್ಮ ಓಣಿ ತುಂಬಾ ಕಲಬುರಗಿ, ವಿಜಯಪುರ ಕಡೆಯವರೇ. ಪಕ್ಕದ ಮನೆ ಅಕ್ಕನ ಮಗ ಹೋದ ಮಳೆಗಾಲದಲ್ಲಿ ಒಂದು ಕಿರಾಣಿ ಅಂಗಡಿಯ ಗಾಜು ಒಡೆದ. ತಡೆಯಲು ಬಂದ ಮಾಲೀಕರನ್ನು ತಳ್ಳಿದ. ಪಾಪ, ಅವರ ಕೈ ಮುರಿಯಿತು. ಅವರ ನೋವೂ ಸುಳ್ಳಲ್ಲ. ಆದರೆ ಗಾಜಿನ ಹಿಂದೆ ಯಾರೋ ಹೆಸರು ಹಿಡಿದು ಬೈಯುತ್ತಿರುವುದು ಈ ಹುಡುಗನಿಗೆ ಕೇಳಿಸುತ್ತಿತ್ತು.

ಅಕ್ಕನಿಗೆ ಮರಾಠಿ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಠಾಣೆಗೆ ನಾನೂ ಹೋದೆ. ಲಾಕಪ್ಪಿನಲ್ಲಿ ಅವನು ಅಂಗಿಯ ತುದಿ ಹರಿದು ಎರಡೂ ಕಿವಿಗೆ ತುರುಕಿಕೊಂಡು ಕೂತಿದ್ದ. ನಮ್ಮನ್ನು ಕಂಡರೂ ಏಳಲಿಲ್ಲ. "ಇವನಿಗೆ ಮನಸ್ಸಿನ ಕಾಯಿಲೆ ಇದೆ ಸಾಹೇಬ್ರೆ" ಅಂದೆ. "ಸಿಕ್ಕಿಬಿದ್ದವರೆಲ್ಲ ಹಾಗೇ ಅಂತಾರೆ. ಕಾಗದ ಎಲ್ಲಿ?" ಅಂದರು.

ಕಾಗದ ಇರಲಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿದ್ದ ಚೀಟಿಗಳನ್ನೆಲ್ಲ, ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ದಿನ, ಅಕ್ಕ ಒಲೆಗೆ ಹಾಕಿದ್ದರು. "ನಾಕ ಮಂದಿ ಏನಂತಾರ ಅಂತ ಸುಟ್ಟೆ ತಂಗಿ" ಅಂತ ಠಾಣೆ ಮೆಟ್ಟಿಲ ಮೇಲೆ ಕೂತು ಅತ್ತರು. ಅವರನ್ನು ನಾನು ಬೈಯಲಾರೆ. ನಮ್ಮ ಮನೆಯಲ್ಲಾಗಿದ್ದರೂ ಮುಚ್ಚಿಡುತ್ತಿದ್ದೆವು, ಅಲ್ವಾ?

ಹುಚ್ಚ ಅಂತ ಒಂದು ಸರ್ಟಿಫಿಕೇಟ್ ತಂದರೆ ಕೇಸೇ ಇರಲ್ಲ ಅಂತ ಜನ ಸುಮ್ನೆ ಹೇಳುತ್ತಾರೆ. ಹಾಗಿಲ್ಲ. ವಕೀಲರು ನಮಗೆ ಬಿಡಿಸಿ ಹೇಳಿದರು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ ಹಳೆಯ ಐಪಿಸಿಯ 84, ಬರೀ ಕಾಯಿಲೆ ಇದೆ ಅಂದರೆ ಒಪ್ಪುವುದಿಲ್ಲ. ಆ ಕೆಲಸ ಮಾಡಿದ ಹೊತ್ತಿನಲ್ಲೇ, ತಾನು ಏನು ಮಾಡುತ್ತಿದ್ದೇನೆ ಅಂತಲೋ ಅದು ತಪ್ಪು ಅಂತಲೋ ತಿಳಿಯದ ಸ್ಥಿತಿ ಇರಬೇಕು. ಅದನ್ನು ತೋರಿಸುವ ಹೊಣೆ ಆರೋಪಿಯದು. ನನಗೇನೂ ಆಗಿಲ್ಲ ಅನ್ನುವ ಹುಡುಗ ಅದನ್ನು ಹೇಗೆ ತೋರಿಸುತ್ತಾನೆ? ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ.

ವಿಚಾರಣೆ ಹೊತ್ತಿನ ಪ್ರಶ್ನೆ ಬೇರೆ. ಆರೋಪಿ ತನ್ನ ಪರ ಹೇಳಿಕೊಳ್ಳಲಾಗದಷ್ಟು ಕಾಯಿಲೆಯಲ್ಲಿದ್ದಾನೆ ಅನಿಸಿದರೆ, ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ವೈದ್ಯರಿಂದ ತಪಾಸಣೆ ಮಾಡಿಸಬೇಕು. ಆಸ್ಪತ್ರೆಗೆ ಸೇರಿಸುವ ಅಗತ್ಯವಿಲ್ಲದಿದ್ದರೆ, ತಪ್ಪದೆ ಚಿಕಿತ್ಸೆ ಕೊಡಿಸುತ್ತೇವೆ ಅಂತ ಮನೆಯವರು ಬರೆದುಕೊಟ್ಟು ಜಾಮೀನು ಕೇಳಬಹುದು. ಆದರೆ ಮೊದಲು ಮ್ಯಾಜಿಸ್ಟ್ರೇಟರಿಗೆ ಕಾಯಿಲೆ ಇದೆ ಅಂತ ಅನಿಸಬೇಕಲ್ಲ! ನಮ್ಮ ಹುಡುಗ ಕೋರ್ಟಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ನೋಡಿದವರಿಗೆ ಮಾಡಿದ್ದಕ್ಕೆ ನಾಚಿಕೊಂಡವನ ಹಾಗೇ ಕಾಣುತ್ತಿದ್ದ. ಜೈಲಿಗೆ ಹೋದ.

ಕೊನೆಗೆ ವಕೀಲರೇ ದಾರಿ ತೋರಿಸಿದರು. ರೋಗಿಗೆ ತನ್ನ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕು ಇದೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಂ. ಹುಡುಗನ ಸಹಿ ತೆಗೆದುಕೊಂಡು ಅವನ ಮಾವ ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಹೋಗಿ ಎಂಟು ಹಾಳೆ ತಂದರು. ಮೊದಲನೇ ಹಾಳೆಯಲ್ಲೇ ಇತ್ತು: ಯಾರೋ ಬೈಯುವ ದನಿ ಕೇಳಿಸುತ್ತದೆ ಅಂತ. ಗಾಜು ಒಡೆಯುವುದಕ್ಕೆ ನಾಲ್ಕು ವರ್ಷ ಮೊದಲು ಡಾಕ್ಟರು ಬರೆದಿದ್ದು. ಅದನ್ನು ನೋಡಿದ ಮೇಲೆ ತಪಾಸಣೆಗೆ ಆದೇಶವಾಯಿತು, ಆಮೇಲೆ ಜಾಮೀನು. ಕೇಸು ಇನ್ನೂ ನಡೆಯುತ್ತಿದೆ. ಮಾತ್ರೆ ಈಗ ತಪ್ಪುತ್ತಿಲ್ಲ. ಯರವಡಾದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ತಿಂಗಳಿಗೊಮ್ಮೆ ತಾಯಿ ಮಗ ಬಸ್ಸಿನಲ್ಲಿ ಹೋಗಿ ಬರುತ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಚೀಟಿ ಇದ್ದರೆ ದಯವಿಟ್ಟು ಸುಡಬೇಡಿ, ಹರಿಯಬೇಡಿ. ನೆಂಟರು ಬಂದಾಗ ಬೇಕಾದರೆ ಒಳಗಿಡಿ.

ಮೊನ್ನೆ ಅಕ್ಕ ಬಂದರು. ಸೆರಗಿನೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಎಂಟು ಹಾಳೆ, ಹೊಸ ಚೀಟಿಗಳು, ಎಲ್ಲದರ ಝೆರಾಕ್ಸ್. "ಒಂದು ಸೆಟ್ ನಿನ್ನ ಕಪಾಟಿನ್ಯಾಗ ಇರ್ಲಿ ತಂಗಿ" ಅಂದರು.