ಧ್ಯಾನ ಮಾಡಿದರೆ ಬಿಪಿ ಮಾತ್ರೆ ಬಿಡಬಹುದಾ? ಒಂದು ಸ್ಪಷ್ಟನೆ

"ದಿನಾ 20 ನಿಮಿಷ ಧ್ಯಾನ ಮಾಡಿ, ತಿಂಗಳಲ್ಲಿ ಬಿಪಿ ಮಾತ್ರೆ ಬಿಡಿ" ಎಂಬ ಮೆಸೇಜ್ ಉಡುಪಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ನಮ್ಮ ಮನೆಯವರ ಗ್ರೂಪಿಗೆ ಅದನ್ನು ಹಾಕಿದವನು ನಾನೇ. ಪೂರ್ತಿ ಓದದೆ ಸುಮ್ನೆ ಕಳಿಸಿದ್ದೆ. ಅದು ತಪ್ಪು.

ಧ್ಯಾನ ಒಳ್ಳೆಯದೇ. ಆದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಅಧ್ಯಯನಗಳನ್ನು ನೋಡಿ ಹೇಳಿದ್ದು ಇಷ್ಟು: ಹೃದಯಕ್ಕೆ ಸ್ವಲ್ಪ ಲಾಭ ಇರಬಹುದು, ಚಿಕಿತ್ಸೆಯ ಜೊತೆಗೆ ಮಾಡಬಹುದು. ಬದಲಿಗೆ ಅಲ್ಲ. ಮಾತ್ರೆ ಬಿಟ್ಟರೆ ಬಿಪಿ ಮತ್ತೆ ಏರುತ್ತದೆ, ಜಾಸ್ತಿ ಜನಕ್ಕೆ ಅದು ಗೊತ್ತೂ ಆಗುವುದಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಎದೆನೋವು, ಹೃದಯಾಘಾತವೂ ಆಗಬಹುದು. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಬೆಳಗ್ಗೆ ಮಲ್ಪೆ ಕಡಲ ಬದಿಯಲ್ಲಿ ಕಣ್ಣು ಮುಚ್ಚಿ ಕೂತರೆ ಮನಸ್ಸು ಹಗುರ ಆಗುತ್ತದೆ, ಅಲ್ವಾ? ನಾನೂ ಕೂರುತ್ತೇನೆ. ಮಾತ್ರೆ ನುಂಗಿಯೇ ಹೋಗುವುದು. ಡೋಸ್ ಕಡಿಮೆ ಮಾಡಬೇಕೆನಿಸಿದರೆ ಡಾಕ್ಟರ ಹತ್ತಿರ ಬಿಪಿ ನೋಡಿಸಿ ಕೇಳಿ. ಎದೆ ಬಿಗಿದಂತಾದರೆ ಧ್ಯಾನಕ್ಕೆ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ, ಅಳಿಸಿಬಿಡಿ. ಅದನ್ನು ನಂಬಿ ಈಗಾಗಲೇ ಮಾತ್ರೆ ಬಿಟ್ಟಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ. ದೊಡ್ಡಮ್ಮ, ಇದು ನಿಮಗೂ ಸೇರಿ.