ಗಡ್ಡಿ ಪೂರಾ ತಗದೀರೇನ್ರೀ?

ಕಲಬುರಗಿ ಬಸ್‌ಸ್ಟ್ಯಾಂಡ್‌ನಲ್ಲಿ ಹೈದರಾಬಾದ್ ಬಸ್ಸಿಗೆ ಕಾಯುವವರನ್ನು ಒಮ್ಮೆ ನೋಡಿ. ಯಾರಾದರೊಬ್ಬರು ಎಂಆರ್‌ಐ ಫಿಲ್ಮಿನ ದೊಡ್ಡ ಕವರ್ ಮಡಚಿ ಹೋಗದಂತೆ ಎದೆಗೆ ಒತ್ತಿ ಹಿಡಿದಿರುತ್ತಾರೆ. ಮೆದುಳಿನ ಗಡ್ಡೆ ಅಂದ್ರೆ ಇಲ್ಲಿನ ಎಷ್ಟೋ ಜನ ಹೊರಡೋದು ಹೈದರಾಬಾದಿಗೆ, ಇಲ್ಲ ಸೊಲ್ಲಾಪುರಕ್ಕೆ, ಇಲ್ಲ ಬೆಂಗಳೂರಿನ ನಿಮ್ಹಾನ್ಸ್‌ಗೆ. ಆಪರೇಷನ್ ಮುಗಿದ ಮೇಲೆ ಮನೆಯವರ ಪ್ರಶ್ನೆ ಒಂದೇ: "ಸಾಹೇಬ್ರ, ಗಡ್ಡಿ ಪೂರಾ ತಗದೀರೇನ್ರೀ?"

ಡಾಕ್ಟರಿಗೂ ಇದು ಕಷ್ಟದ ಪ್ರಶ್ನೆ. ಗ್ಲಯೋಮಾದಂಥ ಗಡ್ಡೆಗೆ ಸ್ಪಷ್ಟ ಅಂಚೇ ಇರುವುದಿಲ್ಲ. ಒಳ್ಳೆ ಮೆದುಳಿನೊಳಗೆ ಸೇರಿಕೊಂಡು ಹೋಗಿರುತ್ತದೆ, ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಬಣ್ಣ ಹೆಚ್ಚುಕಮ್ಮಿ ಒಂದೇ. ಸಾಲದ್ದಕ್ಕೆ ಬುರುಡೆ ತೆರೆದ ಮೇಲೆ ಮೆದುಳು ಸ್ವಲ್ಪ ಕುಸಿಯುತ್ತದೆ. ಹಿಂದಿನ ದಿನದ ಸ್ಕ್ಯಾನ್ ತೋರಿಸಿದ ಜಾಗ ಸರಿದಿರುತ್ತದೆ. ಜಾಸ್ತಿ ತೆಗೆದರೆ ಮಾತು, ಕೈಕಾಲು ಹೋಗಬಹುದು. ಬಿಟ್ಟರೆ ಬೇಗ ಮತ್ತೆ ಬೆಳೆಯುತ್ತದೆ.

ಇಲ್ಲೇ ಬೆಳಕು ಉಪಯೋಗಕ್ಕೆ ಬರೋದು. 5-ಎಎಲ್‌ಎ ಅಂತ ಒಂದು ಔಷಧವಿದೆ. ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು ನೀರಲ್ಲಿ ಕಲಸಿ ಕುಡಿಸುತ್ತಾರೆ. ಆಮೇಲೆ ನೀಲಿ ಬೆಳಕು ಬಿಟ್ಟರೆ ಗಡ್ಡೆ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಸ್ಕ್ಯಾನಿಗೆ ಕಾಣುವ ಗಡ್ಡೆ ಪೂರ್ತಿ ಹೋದವರು ಹೀಗೆ ಮಾಡಿದಾಗ ಶೇ. 65, ಮಾಮೂಲಿ ಬೆಳಕಿನಲ್ಲಿ ಶೇ. 36. ಗಡ್ಡೆ ಮತ್ತೆ ಬರೋದೇ ಇಲ್ಲ ಅಂತಲ್ಲ, ಅದು ಬೇರೆ ಮಾತು.

ಇನ್ನು ರಾಮನ್ ಪರಿಣಾಮ, ಅಂದ್ರೆ ವಸ್ತುವಿಗೆ ತಾಗಿ ಚದುರುವ ಬೆಳಕಿನಲ್ಲಿ ಒಂದಿಷ್ಟು ಬಣ್ಣ ಬದಲಿಸೋದು. ಫೆಬ್ರವರಿ 28ಕ್ಕೆ ಶಾಲೆಗಳಲ್ಲಿ ಸಿ.ವಿ. ರಾಮನ್ ಫೋಟೋಗೆ ಹಾರ ಹಾಕ್ತೀವಲ್ವಾ, ಅವರು ಕಂಡುಹಿಡಿದದ್ದೇ. ಅಮೆರಿಕದಲ್ಲಿ ಇದಕ್ಕೆ ಲೇಸರ್ ಮತ್ತು ಕಂಪ್ಯೂಟರ್ ಸೇರಿಸಿ, ತೆಗೆದ ಚೂರು ಎಂಥದ್ದು ಅಂತ ಆಪರೇಷನ್ ಥಿಯೇಟರಿನಲ್ಲೇ ಎರಡೂವರೆ ನಿಮಿಷದೊಳಗೆ ಹೇಳಿಸಿದ್ದಾರೆ. ಲ್ಯಾಬಿಗೆ ಕಳಿಸಿದರೆ 20-30 ನಿಮಿಷ.

ಆದರೆ ಅಂಥ ಯಂತ್ರ ಇಲ್ಲಿಗೆ ಬರಲಿ ಅಂತ ನಾವು ಸುಮ್ನೆ ಕೂರಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಶುಗರ್ ಇರುವವರ ಕಣ್ಣಿನ ಪರದೆ ನೋಡಲು ಕೈಗೆ ಚುಚ್ಚುವ ಹಳದಿ ದ್ರವ ಗೊತ್ತಲ್ಲ? ಮೂತ್ರವೂ ಹಳದಿಯಾಗಿ ಜನ ಗಾಬರಿಯಾಗ್ತಾರೆ. ಅದೇ ಫ್ಲೋರೆಸೀನ್. 5-ಎಎಲ್‌ಎಗಿಂತ ಬಹಳ ಅಗ್ಗ. ಮೆದುಳಿನ ಆಪರೇಷನ್ ವೇಳೆ ಇದನ್ನೇ ಚುಚ್ಚಿ, ಮೈಕ್ರೋಸ್ಕೋಪಿಗೆ ಸರಿಯಾದ ಫಿಲ್ಟರ್ ಇದ್ದರೆ ಗಡ್ಡೆಯ ಜಾಗ ಹಳದಿಯಾಗಿ ಎದ್ದು ಕಾಣುತ್ತದೆ. ರಕ್ತನಾಳ ಸೋರುವ ಕಡೆಯೆಲ್ಲ ಹರಡುತ್ತದೆ, ಹಾಗಾಗಿ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಗೆ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ದುಡ್ಡಲ್ಲಿ ನ್ಯೂರೋಸರ್ಜರಿ ಮೈಕ್ರೋಸ್ಕೋಪ್ ತರಿಸುವಾಗ ಟೆಂಡರಿನಲ್ಲೇ ಆ ಫಿಲ್ಟರ್ ಬರೆಸಿ. ಜೊತೆಗೆ ಅದನ್ನು ಬಳಸಬಲ್ಲ ಸರ್ಜನ್ ಹುದ್ದೆಯನ್ನೂ ತುಂಬಿ. ಇಲ್ಲಾಂದ್ರೆ ಮೈಕ್ರೋಸ್ಕೋಪ್ ಮೇಲೆ ಬಟ್ಟೆ ಹೊದಿಸಿ ಇಡ್ತೀರಿ, ಪೇಷಂಟ್ ಅದೇ ಹೈದರಾಬಾದ್ ಬಸ್ ಹತ್ತುತ್ತಾನೆ.