ಹಗ್ಗ ಕಟ್ಟಿದವರ ಹೆಸರು

ಎವರೆಸ್ಟ್ ಏರಿ ಬಂದವರ ಅನುಭವಗಳನ್ನು ನಾನು ಬಹಳ ಆಸ್ಥೆಯಿಂದ ಓದುತ್ತೇನೆ. ಓದಿದಾಗಲೆಲ್ಲ ಒಂದು ಕೊರತೆ ಮನಸ್ಸನ್ನು ಚುಚ್ಚುತ್ತದೆ. ಏರಿದವರ ಹೆಸರು, ಊರು, ಪ್ರಾಯೋಜಕರ ವಿವರ ಎಲ್ಲವೂ ಇರುತ್ತವೆ. ಶಿಖರದವರೆಗೂ ಜೊತೆಗೆ ನಡೆದ ಮನುಷ್ಯ ಮಾತ್ರ ಬರೀ ‘ಶೆರ್ಪಾ’ ಆಗಿ ಉಳಿದುಬಿಡುತ್ತಾನೆ. ಶೆರ್ಪಾ ಎಂಬುದು ಒಂದು ಜನಾಂಗದ ಹೆಸರು.

ನೇಪಾಳದ ಕಡೆಯಿಂದ ಹತ್ತುವವರಿಗೆ 5364 ಮೀಟರ್ ಎತ್ತರದ ಬೇಸ್ ಕ್ಯಾಂಪ್ ದಾಟಿದ ಕೂಡಲೇ ಖುಂಬು ಐಸ್‌ಫಾಲ್ ಎದುರಾಗುತ್ತದೆ. ಮನೆಯಷ್ಟು ದೊಡ್ಡ ಮಂಜುಗಡ್ಡೆಗಳಾಗಿ ಒಡೆದು ನಿಂತ ಆ ಹಿಮನದಿ ದಿನವೂ ಸರಿಯುತ್ತಿರುತ್ತದೆ; ನಿನ್ನೆಯ ದಾರಿ ಇಂದು ಇದ್ದೀತೆಂಬ ಭರವಸೆಯಿಲ್ಲ. ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋಗಿ, ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿಗಳನ್ನು ಬಿಗಿದು, ಹಗ್ಗ ಕಟ್ಟಿ, ಕುಸಿದಾಗಲೆಲ್ಲ ಮತ್ತೆ ಸರಿಪಡಿಸುವ ಪುಟ್ಟ ಶೆರ್ಪಾ ತಂಡವನ್ನು ‘ಐಸ್‌ಫಾಲ್ ಡಾಕ್ಟರ್’ಗಳೆಂದು ಕರೆಯುತ್ತಾರೆ. ಹಣ ಕೊಟ್ಟು ಬಂದ ಆರೋಹಿ ಆ ದಾರಿಯನ್ನು ಕೆಲವೇ ಸಲ ಹಾಯುತ್ತಾನೆ. ಡೇರೆ, ಅಡುಗೆ ಸಾಮಾನು, ಆಮ್ಲಜನಕದ ಸಿಲಿಂಡರ್ ಹೊರುವವರಾದರೋ, ಬಿಸಿಲೇರಿ ಹಿಮ ಸಡಿಲವಾಗುವ ಮುನ್ನ ದಾಟಬೇಕೆಂದು ನಡುರಾತ್ರಿಯಲ್ಲೇ ಹೊರಟು, ಒಂದೇ ಋತುವಿನಲ್ಲಿ ಮತ್ತೆ ಮತ್ತೆ ಹಾಯಬೇಕು. 2014ರ ಏಪ್ರಿಲ್ 18ರ ಬೆಳಿಗ್ಗೆ ಅಲ್ಲಿ ಹಿಮ ಕುಸಿದು ಸತ್ತ 16 ಮಂದಿಯೂ ನೇಪಾಳದ ಕೆಲಸಗಾರರೇ. ಅಂತ್ಯಕ್ರಿಯೆಯ ಖರ್ಚಿಗೆಂದು ಸರ್ಕಾರ ಮೊದಲು ಘೋಷಿಸಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಟ್ಟಿಗೆದ್ದರು, ಆ ವರ್ಷ ಆ ಬದಿಯ ಆರೋಹಣ ಬಹುತೇಕ ನಿಂತೇಹೋಯಿತು.

ಕೆಲವು ವರ್ಷಗಳ ಹಿಂದೆ ನಾನು ಬೇಸ್ ಕ್ಯಾಂಪ್‌ವರೆಗೆ ಚಾರಣ ಹೋಗಿದ್ದೆ. ತುಕ್ಲಾದ ಕಡಿದಾದ ಏರು ಮುಗಿಯುವಲ್ಲಿ, ಪರ್ವತದಲ್ಲಿ ತೀರಿಕೊಂಡವರಿಗಾಗಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಸ್ಮಾರಕಗಳಿವೆ. 1999ರಲ್ಲಿ ಕೃತಕ ಆಮ್ಲಜನಕವಿಲ್ಲದೆ ಶಿಖರದ ಮೇಲೆ 21 ಗಂಟೆ ಕಳೆದು, 2001ರಲ್ಲಿ ಅದೇ ಎವರೆಸ್ಟಿನ ಬಿರುಕಿಗೆ ಬಿದ್ದು ಪ್ರಾಣಬಿಟ್ಟ ಬಾಬು ಚಿರಿ ಶೆರ್ಪಾ ಅವರ ಸ್ಮಾರಕವೂ ಅಲ್ಲಿದೆ. ಹಣೆಗೆ ನಾಮ್ಲೊ ಪಟ್ಟಿ ಕೊಟ್ಟು ನಮ್ಮ ಚೀಲಗಳನ್ನು ಹೊತ್ತಿದ್ದ ಹುಡುಗ ಹೊರೆ ಇಳಿಸಿ, ಎಳೆ ಬಿಚ್ಚಿದ ಪತಾಕೆಗಳ ಕೆಳಗೆ ಸುಮ್ಮನೆ ನಿಂತ. ಪಟ್ಟಿ ಒತ್ತಿದ ಗೆರೆ ಅವನ ಹಣೆಯ ಮೇಲೆ ಕೆಂಪಗೆ ಕಾಣುತ್ತಿತ್ತು. ಅವನ ಹೆಸರನ್ನು ನಾನು ಕೇಳಿದ್ದು ಆಗಲೇ, ನಡಿಗೆಯ ಆರನೆಯ ದಿನ. ಆ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಸಮುದ್ರಮಟ್ಟದ ಮೂರನೇ ಒಂದು ಪಾಲು ಆಮ್ಲಜನಕವಷ್ಟೇ ಸಿಗುವಲ್ಲಿಗೆ ಹೋಗಿ ಬರುವವರ ಎದೆಗಾರಿಕೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ನನ್ನ ಕೋರಿಕೆ ಇಷ್ಟೇ: ಮುಂದೆ ನಮ್ಮವರೊಬ್ಬರು ಎವರೆಸ್ಟ್ ಏರಿದ ಸುದ್ದಿ ಬರೆಯುವಾಗ, ಜೊತೆಗೆ ನಡೆದವರ ಪೂರ್ಣ ಹೆಸರು ಮತ್ತು ಅವರ ಹಳ್ಳಿಯ ಹೆಸರು ಅದೇ ಮೊದಲ ಪ್ಯಾರಾದಲ್ಲಿ ಅಚ್ಚಾಗಲಿ.